ಬಿಸಿಲೆಯಲ್ಲಿ ಬೆನ್ನುಚೀಲ: ಪೂರ್ವಪಕ್ಷ, ಉತ್ತರಪಕ್ಷ, ಒದ್ದೆಪಕ್ಷ

ಬೆನ್ನುಚೀಲದ ಚರಿತ್ರೆ ಬರೆಯುವವರು ಸಂಚಿ ಹೊನ್ನಮ್ಮನಿಂದ ಹೊರಡದೆ ಗತಿಯಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದವಳು 'ಹದಿಬದೆಯ ಧರ್ಮ' ಬರೆದಳೆಂಬುದು ಎಲ್ಲರಿಗೂ ಗೊತ್ತು. ಆ ಸಂಚಿಯಲ್ಲಿ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಖಾನೆ ಇದ್ದಿರಲೇಬೇಕೆಂಬುದನ್ನು ವಿದ್ವಾಂಸರು ಏಕೋ ಕೈಬಿಟ್ಟಿದ್ದಾರೆ. ಈಗ ಎಲೆಯ ಜಾಗಕ್ಕೆ ಲ್ಯಾಪ್‌ಟಾಪ್, ಅಡಿಕೆಯ ಜಾಗಕ್ಕೆ ಹಾರ್ಡ್ ಡಿಸ್ಕ್, ಸುಣ್ಣದ ಜಾಗಕ್ಕೆ ಪವರ್ ಬ್ಯಾಂಕ್. ಹದ ತಪ್ಪಿದರೆ ಸುಡುವ ಗುಣ ಕೊನೆಯ ಎರಡಕ್ಕೂ ಸಮಾನ.

ಸಂಶೋಧನೆಯ ಕ್ಷೇತ್ರ ಬಿಸಿಲೆ. ಮಂಕನಹಳ್ಳಿಯ ರಿಡ್ಜ್ ಮೇಲೆ ಬಿದ್ದ ಮಳೆ ಇಬ್ಭಾಗವಾಗುತ್ತದೆ: ಮೂಡಣದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ, ಪಡುವಣದ್ದು ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಭೂಗೋಳ ಇಲ್ಲಿಗೇ ನಿಲ್ಲಿಸುತ್ತದೆ. ಮೂರನೆಯ ಪಾಲು ಚಾರಣಿಗನ ಚೀಲಕ್ಕೆ. ಅದು ಯಾವ ಸಮುದ್ರವನ್ನೂ ಸೇರುವುದಿಲ್ಲ.

'ರೇನ್ ಕವರ್ ಇದೆಯಲ್ಲ?' ಎಂಬುದು ಪೂರ್ವಪಕ್ಷ. ಕವರ್ ಮುಚ್ಚುವುದು ಲೋಕಕ್ಕೆ ಕಾಣುವ ಮುಖವನ್ನು ಮಾತ್ರ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ತನ್ನದೇ ಕಣಿವೆ ಮಾಡಿಕೊಂಡು ಒಳಗೆ ಇಂಗುತ್ತದೆ. ಭಾರ ಬೆನ್ನಿಗೆ ಹತ್ತಿರವಿರಲೆಂದು ಲ್ಯಾಪ್‌ಟಾಪ್ ಖಾನೆಯನ್ನು ಹೊಲಿದಿರುವುದೂ ಸರಿಯಾಗಿ ಅಲ್ಲಿಯೇ!

'ಹಾಗಾದರೆ ಮಳೆ ನಿಂತ ಮೇಲೆ ಹೋಗಿ' ಎನ್ನುವವರುಂಟು. ಕಪ್ಪೆಗಳಿಗೆ ಈ ವಾದ ಒಪ್ಪಿಗೆಯಿಲ್ಲ. ಅವುಗಳ ಗಾಯನ ಮಳೆಗಾಲದ ರಾತ್ರಿ. ರೆಕಾರ್ಡರ್, ಕ್ಯಾಮೆರಾ ಹೊತ್ತವರು ಆಗಲೇ ಹಾಜರಿರಬೇಕು.

ಖಾನೆ ಹೆಚ್ಚಿದಷ್ಟೂ ಶಿಸ್ತು ಎಂಬುದು ಬೆಂಗಳೂರು ಪಂಥದ ಮತ. ಕೇಬಲ್ಲಿಗೊಂದು ಜಿಪ್ಪು, ಕೇಬಲ್ಲಿನ ಕ್ಲಿಪ್ಪಿಗೊಂದು ಜಿಪ್ಪು. ಕತ್ತಲಲ್ಲಿ ಟಾರ್ಚ್ ಯಾವುದರಲ್ಲಿದೆಯೆಂದು ತಡಕುವಷ್ಟರಲ್ಲಿ ಇಂಬಳ ಮಾತ್ರ ತನಗೆ ಬೇಕಾದ ಖಾನೆಯನ್ನು ತಪ್ಪದೆ ಹುಡುಕಿಕೊಂಡಿರುತ್ತದೆ. ಪವರ್ ಬ್ಯಾಂಕನ್ನಾದರೂ ಕೈಗೆಟುಕುವಲ್ಲಿಡಿ. 20,000 ಎಂಎಎಚ್‌ನದೆಂದರೆ 74 ವಾಟ್-ಅವರ್, ವಿಮಾನದವರ 100ರ ಮಿತಿಗೆ ಒಳಪಟ್ಟದ್ದು. ಕಾಡಿನಲ್ಲಿ ಸಿಗ್ನಲ್ ಹುಡುಕುವ ಫೋನಿನ ಹಸಿವಿಗೆ ಅಂಥ ಮಿತಿಯಿಲ್ಲ.

ಸಿದ್ಧಾಂತವನ್ನು ಏಲಕ್ಕಿ ತೋಟದ ಹಿರಿಯರೊಬ್ಬರ ಬಾಯಲ್ಲೇ ಕೇಳುವುದು ಲೇಸು: "ಸುಮ್ನೆ ಅಷ್ಟು ದುಡ್ಡು ಯಾಕೆ ಸುರೀತೀರ ಸ್ವಾಮಿ? ಯೂರಿಯಾ ಚೀಲದೊಳಗೆ ಒಂದು ಪ್ಲಾಸ್ಟಿಕ್ ಇರುತ್ತಲ್ಲ, ಅದ್ರಲ್ಲಿ ಎಲ್ಲಾ ಹಾಕಿ ಬಾಯಿ ಕಟ್ಟಿ, ಆಮೇಲೆ ನಿಮ್ಮ ಬ್ಯಾಗಿಗೆ ತುಂಬಿ."

ಅಕಾಟ್ಯವಾದ ಮಾತು. ಒಂದೇ ತೊಡಕು: ಯೂರಿಯಾ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಪ್ಲಾಸ್ಟಿಕ್ ತೊಳೆದದ್ದಾಗಿರಬೇಕು, ತೊಳೆದದ್ದು ಒಣಗಿರಬೇಕು, ಜೂನ್ ಕಳೆದ ಮೇಲೆ ಈ ಘಟ್ಟದಲ್ಲಿ ಏನೂ ಒಣಗದು. ಆದ್ದರಿಂದ ಜುಲೈ ಚಾರಣದ ಚೀಲವನ್ನು ಮಾರ್ಚಿಯಲ್ಲೇ ತೊಳೆದಿಡತಕ್ಕದ್ದು.