ಎರಡು ಗಂಟೆ ಪುಕ್ಕಟೆ, ಆಮೇಲೆ ನೂರು ಪೌಂಡ್

ಬಂತಾ ನಿಮಗೂ ಆ ಕಾಗದ? ಎರಡು ಕಪ್ಪು-ಬಿಳುಪು ಫೋಟೊ, ಒಂದರಲ್ಲಿ ಕಾರಿನ ಮೂತಿ, ಇನ್ನೊಂದರಲ್ಲಿ ಬಾಲ, ಪಕ್ಕದಲ್ಲಿ ಒಳಹೊಕ್ಕ ಹೊತ್ತು, ಹೊರಬಿದ್ದ ಹೊತ್ತು. ಕೆಳಗೆ ದಪ್ಪಕ್ಷರದಲ್ಲಿ 100 ಪೌಂಡ್, 14 ದಿನದೊಳಗೆ ಕಟ್ಟಿದರೆ 60. ನೋಡಿದವರ ಎದೆ ಧಸಕ್ಕನ್ನಬೇಕು, ಹಾಗೇ ಅಚ್ಚು ಹಾಕಿಸಿರ್ತಾರೆ. ಪೊಲೀಸರ ಕಾಗದವೋ ಕೌನ್ಸಿಲ್ ಕಾಗದವೋ ಅಂತ ಗಾಬರಿಯಾಗಿ ಎಷ್ಟೋ ಜನ ಅವತ್ತೇ ಕಟ್ಟಿಬಿಡ್ತಾರೆ. ಖಾಸಗಿ ಪಾರ್ಕಿಂಗ್ ಕಂಪನಿ ಕಳಿಸಿದ ಬಿಲ್ಲು ಅದು. ತಪ್ಪಿದ್ದರೆ ತಿರುಗಿ ಕೇಳಬಹುದು, ಕೇಳಲೇಬೇಕು.

60 ಪೌಂಡಿನ ಆಸೆಗೆ ಬೀಳಬೇಡಿ. 28 ದಿನದೊಳಗೆ ಮೊದಲು ಆ ಕಂಪನಿಗೇ ಬರೀಬೇಕು. ಅವರು ಒಪ್ಪದಿದ್ದರೂ ಆ ಕಡಿಮೆ ದರವನ್ನ ಇನ್ನೊಮ್ಮೆ 14 ದಿನ ಕೊಡ್ತಾರೆ. ಅಂದ ಮೇಲೆ ಆ ಒಂದು ಮೇಲ್ಮನವಿ ಬರೆದರೆ ಕಳಕೊಳ್ಳೋದೇನಿದೆ ಹೇಳಿ?

ಬರೆಯೋಕೆ ಮುಂಚೆ ತಾರೀಖು ನೋಡಿ. ಕ್ಯಾಮೆರಾ ಹಿಡಿದ ಪ್ರಕರಣವಾದರೆ, ನಿಲ್ಲಿಸಿದ ಮಾರನೇ ದಿನದಿಂದ 14 ದಿನದೊಳಗೆ ಕಾಗದ ಮನೆ ಸೇರಿರಬೇಕು. 2012ರ ಕಾಯ್ದೆ ಅದು. ಅದಕ್ಕೂ ಮುಂಚೆ ಚಕ್ರಕ್ಕೆ ಹಳದಿ ಕಬ್ಬಿಣದ ಬೇಡಿ ಬಡೀತಿದ್ದರು, ನೆನಪಿದೆಯಾ? ದುಡ್ಡು ಎಣಿಸಿ ಕೈಗಿಟ್ಟರೆ ಮಾತ್ರ ಬಿಡುಗಡೆ. ಮಳೆಯಲ್ಲಿ ಮಗು ಎತ್ತಿಕೊಂಡು ಕಾರಿನ ಪಕ್ಕ ನಿಂತಿದ್ದ ಹೆಂಗಸರನ್ನ ಕಂಡು ನನಗೆ ಹೊಟ್ಟೆ ಉರೀತಿತ್ತು. ಇಂಗ್ಲೆಂಡು, ವೇಲ್ಸಿನ ಖಾಸಗಿ ಜಾಗಗಳಲ್ಲಿ ಆ ಬೇಡಿಯನ್ನ ಕಿತ್ತು ಹಾಕಿದ್ದೂ ಇದೇ ಕಾಯ್ದೆ. ಬದಲಿಗೆ, ಯಾರು ಓಡಿಸಿದರೋ ಗೊತ್ತಾಗದಿದ್ದರೆ ಕಾರು ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರನ್ನೇ ಕೇಳೋ ದಾರಿಯನ್ನ ಕಂಪನಿಗಳಿಗೆ ಮಾಡಿಕೊಟ್ಟಿದ್ದೂ ಇದೇ. ಆ ದಾರಿ ಬೇಕಾದರೆ ಅವರು ಆ 14 ದಿನ ಪಾಲಿಸಲೇಬೇಕು. ಹದಿನೈದನೇ ದಿನ ಬಂತೋ, ಆ ಕಾಯ್ದೆ ಹಿಡಕೊಂಡು ನೋಂದಣಿದಾರರ ಹತ್ರ ವಸೂಲಿ ಮಾಡೋ ಹಾಗಿಲ್ಲ. ಓಡಿಸಿದ್ದು ಯಾರು ಅಂತ ನೀವಾಗಿ ಬಾಯಿಬಿಡಬೇಕಾಗೂ ಇಲ್ಲ. ನಿಮ್ಮ ತಮ್ಮ ಎಡಿನ್‌ಬರೋದಲ್ಲಿದ್ದಾರಲ್ಲ, ಅವರಿಗೆ ಈ ಲೆಕ್ಕ ಹೇಳಬೇಡಿ ಮತ್ತೆ, ಆ ಭಾಗ ಸ್ಕಾಟ್ಲೆಂಡಿಗೆ ಅನ್ವಯಿಸಲ್ಲ.

ಇನ್ನು ಆ ಕ್ಯಾಮೆರಾ. ಅದಕ್ಕೆ ಕಾಣೋದು ಕಾರು ಒಳಗೆ ಬಂದಿದ್ದು, ಹೊರಗೆ ಹೋಗಿದ್ದು, ಅಷ್ಟೇ. ಒಳಗೆ ನೀವು ಜಾಗ ಹುಡುಕಿಕೊಂಡು ಸುತ್ತಿದ್ದು, ಹೊರಡೋವಾಗ ಸಾಲಲ್ಲಿ ಸಿಕ್ಕಿಕೊಂಡಿದ್ದು, ಯಾವುದೂ ಕಾಣಲ್ಲ. ರಾಜ್ಯೋತ್ಸವದ ತಾಲೀಮಿಗೆ ಮಕ್ಕಳನ್ನ ಬಿಡೋಕೆ ಹೋಗಿದ್ದರಲ್ಲ ಕೊನೇ ಮನೆಯವರು, ಅವರ ಕಥೆ ಕೇಳಿದಿರಾ? ಬೆಳಿಗ್ಗೆ ಹತ್ತು ನಿಮಿಷ ನಿಲ್ಲಿಸಿ ವಾಪಸು ಬಂದಿದ್ದಾರೆ. ಸಂಜೆ ಕರಕೊಂಡು ಬರೋಕೆ ಮತ್ತೆ ಹೋಗಿದ್ದಾರೆ. ಮಧ್ಯದ ಎರಡು ಫೋಟೊ ಯಾಕೋ ದಾಖಲಾಗಿಲ್ಲ. ಬೆಳಗಿನ ಒಳಗೆ, ಸಂಜೆಯ ಹೊರಗೆ ಎರಡನ್ನೂ ಗಂಟು ಹಾಕಿ, ದಿನವಿಡೀ ನಿಂತಿತ್ತು ಅಂತ ಬಿಲ್ಲು! ಅಷ್ಟರಲ್ಲಿ ಕಾರು ಮನೆ ಮುಂದೆ ನಿಂತಿದ್ದನ್ನ ನಾನೇ ನೋಡಿದ್ದೆ. ಕೊನೆಗೆ ಅವರನ್ನ ಉಳಿಸಿದ್ದು ಮಧ್ಯಾಹ್ನ ಪೆಟ್ರೋಲ್ ಹಾಕಿಸಿದ ರಸೀದಿ. ಹಾಗಾಗಿ ರಸೀದಿ, ಬ್ಯಾಂಕಿನ ಲೆಕ್ಕ, ಫೋನಿನಲ್ಲಿ ಉಳಿದ ಓಡಾಟದ ನಕ್ಷೆ, ಏನಿದ್ದರೂ ಎತ್ತಿಡಿ.

ಅದಕ್ಕಿಂತ ವಿಚಿತ್ರ ಕಾರಿನ ನಂಬರ್ ಒತ್ತಿಸಿಕೊಳ್ಳೋ ಆ ಟಿಕೆಟ್ ಯಂತ್ರ. ಇಲ್ಲಿನ ನಂಬರ್ ಪ್ಲೇಟಿನಲ್ಲಿ ಇಂಗ್ಲಿಷಿನ 'ಓ' ಅಕ್ಷರಕ್ಕೂ ಸೊನ್ನೆಗೂ ಒಂದೇ ಆಕಾರ, ಹತ್ತಿರ ಹೋಗಿ ನೋಡಿ ಬೇಕಾದರೆ. 'ಐ'ಗೂ ಒಂದಕ್ಕೂ ಹಾಗೇ. ಹೊಸ ನಮೂನೆಯ ಪ್ಲೇಟಿನಲ್ಲಿ ಮೊದಲು ಎರಡು ಅಕ್ಷರ, ಆಮೇಲೆ ಎರಡು ಅಂಕಿ, ಕೊನೆಗೆ ಮೂರು ಅಕ್ಷರ ಅಂತ ಜಾಗ ನೋಡಿ ಗುರುತು ಹಿಡೀಬೇಕು. ಊರಿಂದ ಬಂದ ಅಪ್ಪನಿಗೆ ಇದು ಹೇಗೆ ಗೊತ್ತಾಗಬೇಕು? ಪಾಪ, ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ಒಂದೊಂದೇ ಒತ್ತಿ, ನಾಣ್ಯ ಹಾಕಿ, ಚೀಟಿ ಜೋಪಾನವಾಗಿ ಜೇಬಿಗಿಟ್ಟು ಬಂದಿರ್ತಾರೆ. ದುಡ್ಡು ಕಂಪನಿಗೆ ಸೇರಿದೆ, ಹೊತ್ತೂ ಸರಿಯಾಗಿದೆ, ಆದರೂ ಬಿಲ್ಲು. ಒಂದಕ್ಷರದ ಇಂಥ ತಪ್ಪಿಗೆ ಬಿಲ್ಲು ರದ್ದು ಮಾಡಬೇಕು ಅಂತ ಪಾರ್ಕಿಂಗ್ ಕಂಪನಿಗಳ ಸಂಘದವರೇ ನಿಯಮ ಬರೆದಿದ್ದಾರೆ. ಅವಧಿ ಮುಗಿದ ಮೇಲೂ ಕನಿಷ್ಠ 10 ನಿಮಿಷ ಬಿಡಬೇಕು ಅಂತಾನೂ ಇದೆ. ಆದರೆ ಕೇಳದೇ ಇದ್ದರೆ ಕೊಡ್ತಾರಾ?

ಹಾಗಂತ ಕಾಗದ ಹರಿದು ಬಿಸಾಡಿ ಸುಮ್ಮನಿರೋ ಕಾಲ ಹೋಯ್ತು. ಬ್ಯಾರಿ ಬೀವಿಸ್ ಅನ್ನೋರ ಚೆಲ್ಮ್ಸ್‌ಫರ್ಡ್ ಪಾರ್ಕಿಂಗ್ ಕೇಸು ಬಂತಲ್ಲ, ಆವಾಗಲೇ. ಮೀನು-ಚಿಪ್ಸ್ ಅಂಗಡಿ ಇಟ್ಟಿದ್ದವರು, ಎರಡು ಗಂಟೆ ಪುಕ್ಕಟೆ ಇದ್ದ ಜಾಗದಲ್ಲಿ 56 ನಿಮಿಷ ಹೆಚ್ಚಿಗೆ ನಿಲ್ಲಿಸಿದ್ದರು. 85 ಪೌಂಡಿಗೋಸ್ಕರ ಸುಪ್ರೀಂ ಕೋರ್ಟಿನವರೆಗೂ ಹೋದರಲ್ಲ, ಆ ಛಲ ನೋಡಿ! ಸೋತರು. ಸುತ್ತ ಫಲಕಗಳು ಎದ್ದು ಕಾಣೋ ಹಾಗಿದ್ದವು, ಮೊತ್ತವೂ ಅತಿಯಲ್ಲ ಅಂತ 2015ರ ನವೆಂಬರ್ 4ಕ್ಕೆ ತೀರ್ಪಾಯ್ತು. ಏಳು ನ್ಯಾಯಮೂರ್ತಿಗಳಲ್ಲಿ ಲಾರ್ಡ್ ಟೌಲ್ಸನ್ ಒಬ್ಬರೇ ಒಪ್ಪಲಿಲ್ಲ. ಅಲ್ಲೇ ಇನ್ನೊಂದು ಸಂಗತಿ ಹೊರಬಿತ್ತು: ಆ ಕಂಪನಿ ಜಾಗದವರಿಗೆ ವಾರಕ್ಕೆ 1000 ಪೌಂಡ್ ತಾನೇ ಕೊಡ್ತಿತ್ತಂತೆ, ಕಾರು ಕಾಯೋ ಹಕ್ಕಿಗೆ! ಆ ನವೆಂಬರ್ ನನಗೆ ಚೆನ್ನಾಗಿ ನೆನಪಿದೆ. ಹತ್ತೇ ದಿನಕ್ಕೆ, 14ಕ್ಕೆ, ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣ. ನಮ್ಮವರ ಬಾಯಲ್ಲೆಲ್ಲ ಅದೇ ಸಂಭ್ರಮ, ಅದರ ಜೊತೆಗೇ ಲಂಡನ್ನಿನಲ್ಲಿ ಕಾರು ಎಲ್ಲಿ ಬಿಡೋದಪ್ಪಾ ಅನ್ನೋ ಚಿಂತೆ.

ಎಲ್ಲಿದ್ದೆ? ಹಾಂ, ಫಲಕ. ಬೀವಿಸ್ ಸೋತಿದ್ದು ಫಲಕ ದೊಡ್ಡದಿತ್ತು ಅಂತ. ನಿಮ್ಮ ರೀಟೇಲ್ ಪಾರ್ಕಿನಲ್ಲಿ ಹೇಗಿದೆ? ಕಂಬದ ತುದಿಯಲ್ಲಿ, ಮರದ ಕೊಂಬೆಯ ಹಿಂದೆ, ಇರುವೆ ಸಾಲಿನಂಥ ಅಕ್ಷರ. ರಾತ್ರಿ ಹೊತ್ತು ಅದಕ್ಕೊಂದು ದೀಪವೂ ಇಲ್ಲ. ನೀವು ಕಾರು ನಿಲ್ಲಿಸಿದ್ದ ಜಾಗದಲ್ಲೇ ನಿಂತು ಫೋಟೊ ತೆಗೀರಿ, ಅದೂ ಕತ್ತಲಾದ ಮೇಲೆ.

ಕಂಪನಿಯವರು ಆಗಲ್ಲ ಅಂದರೆ ಪಾಪ್ಲಾ ಅನ್ನೋ ಸ್ವತಂತ್ರ ಮೇಲ್ಮನವಿ ವ್ಯವಸ್ಥೆ ಇದೆ. ಪಾರ್ಕಿಂಗ್ ಕಂಪನಿಗಳ ಎರಡು ಸಂಘಗಳಲ್ಲಿ ಬಿ.ಪಿ.ಎ. ಸಂಘದ ಕಂಪನಿಯಾದರೆ ಹತ್ತಂಕಿಯ ಕೋಡ್ ಕೊಡ್ತಾರೆ, 28 ದಿನದೊಳಗೆ ಹಾಕಬೇಕು. ನಮಗೆ ಖರ್ಚಿಲ್ಲ. ತೀರ್ಪು ಕಂಪನಿಗೆ ಕಡ್ಡಾಯ, ನಮಗಲ್ಲ. ಸೋತರೆ ಆ 60ರ ದರ ಹೋಯ್ತು ಅನ್ನೋದು ಮಾತ್ರ ನಿಜ. ಐ.ಪಿ.ಸಿ. ಸಂಘದ್ದಾದರೆ ಮೇಲ್ಮನವಿಗೆ ಅವರದ್ದೇ ಬೇರೆ ಐ.ಎ.ಎಸ್. ಅಂತ ಇದೆ. ಕೋರ್ಟಿನ ಕಾಗದ ಬಂದರಂತೂ ಆ ದಿನವೇ ಓದಿ, ಉತ್ತರ ಕೊಡಿ. ಸುಮ್ಮನಿದ್ದು ಎದುರುಪಕ್ಷಕ್ಕೆ ತೀರ್ಪಾಗಿ, ತಿಂಗಳೊಳಗೆ ಕಟ್ಟದಿದ್ದರೆ ಆರು ವರ್ಷ ಸಾಲದ ದಾಖಲೆಯಲ್ಲಿ ಕೂತಿರುತ್ತೆ, ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತೆ.

ನನಗೆ ನಿಜವಾಗಿ ಸಿಟ್ಟು ಬರೋದು ಪಾರ್ಲಿಮೆಂಟಿನ ಮೇಲೆ. ಈ ಕಂಪನಿಗಳಿಗೆ ಸರ್ಕಾರವೇ ನಿಯಮ ಹಾಕಲಿ ಅಂತ 2019ರಲ್ಲೇ ಕಾಯ್ದೆ ಮಾಡಿದರು. 2022ರ ಫೆಬ್ರವರಿಯಲ್ಲಿ ನಿಯಮಾವಳಿ ಹೊರಬಂತು, ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ವಾಪಸು ಹೋಯ್ತು. 2024ರಲ್ಲಿ ಆ ಸಂಘಗಳೇ ಕೂತು ತಮಗೆ ತಾವೇ ಒಂದು ನಿಯಮಾವಳಿ ಬರಕೊಂಡವು. ನಮ್ಮ ಹೆಸರು, ವಿಳಾಸವನ್ನೋ, ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿ.ವಿ.ಎಲ್.ಎ. ಎರಡೂವರೆ ಪೌಂಡಿಗೆ ಒಂದರಂತೆ ಅವರಿಗೆ ಕೊಡ್ತಾನೇ ಇದೆ. ಇದಕ್ಕೆ ನಮ್ಮ ಎಂ.ಪಿ.ಗೊಂದು ಕಾಗದ ಬರೀಬೇಕು ಅಂತಿದ್ದೀನಿ, ನೀವೂ ಸಹಿ ಹಾಕ್ತೀರಿ ಅಲ್ವಾ? ಮೊದಲು ನಿಮ್ಮದು ಮುಗಿಸೋಣ. ಆ ಕಾಗದದ ಮೂಲೆಯಲ್ಲಿ ತಾರೀಖು ಎಷ್ಟಿದೆ, ತನ್ನಿ ನೋಡೋಣ.