ಕಚೇರಿ ವೇಳೆಯಲ್ಲಿ ಗಂಡಭೇರುಂಡ

ಆನೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಬಲ್ಲ ಪಕ್ಷಿ ಎಂದು ಕೇಳಿದ್ದೆವು. ಕೊನೆಗೆ ಅದು ಸಿಕ್ಕಿದ್ದು ಸರ್ಕಾರಿ ಕಚೇರಿಯೊಂದರ ಲೆಟರ್‌ಹೆಡ್ಡಿನ ನೆತ್ತಿಯ ಮೇಲೆ. ಹಿಂದೆ ಕೆಂಪು ಗುರಾಣಿ, ಅಕ್ಕಪಕ್ಕದಲ್ಲಿ ಸಿಂಹದ ಮೈಗೆ ಆನೆಯ ಮೋರೆ ಹೊತ್ತ ಎರಡು ಶರಭಗಳು. ಊಟದ ವಿರಾಮ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಹಾಗಾಗಿ ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಶ್ಚಿಂತೆಯಿಂದ ಮಾತಿಗೆ ಕೂತೆವು.

ನಮಸ್ಕಾರ. ತಾವು ಸೇವೆಗೆ ಸೇರಿ ಎಷ್ಟು ಕಾಲವಾಯಿತು?

ಎಡತಲೆ: ದಾಖಲೆ ಬೇಕಿದ್ದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ. 1047ರಲ್ಲಿ ಚಾಮುಂಡರಾಯರಸ ಕಂಬ ನಿಲ್ಲಿಸಿ ತುದಿಯಲ್ಲಿ ನಮ್ಮನ್ನು ಇರಿಸಿದ್ದಾನೆ. ಅಲ್ಲಿ ಮೈ ಮನುಷ್ಯನದು, ತಲೆಗಳಷ್ಟೇ ನಮ್ಮವು.

ಬಲತಲೆ: ಮನುಷ್ಯನ ಮೈಯನ್ನು ಆಮೇಲೆ ಬಿಟ್ಟುಬಿಟ್ಟೆವು. ಹೆಬ್ಬೆಟ್ಟು ಇದ್ದರೆ ಬಯೋಮೆಟ್ರಿಕ್ ಹಾಜರಾತಿ ಕೊಡಬೇಕಾಗುತ್ತದೆ.

ಆನೆಗಳನ್ನೇ ಹಿಡಿಯುತ್ತಿದ್ದಿರಂತೆ?

ಎಡತಲೆ: ವಿಜಯನಗರದ ಅಚ್ಯುತದೇವರಾಯರ ನಾಣ್ಯ ನೋಡಿಲ್ಲವೇ? ಕೊಕ್ಕಿನಲ್ಲೂ ಆನೆ, ಉಗುರಿನಲ್ಲೂ ಆನೆ. ಟರ್ಕಿಯ ಅಲಾಜಾ ಹುಯುಕ್‌ನಲ್ಲಿ ಹಿಟ್ಟೈಟರು ಮೂರು ಸಾವಿರ ವರ್ಷಕ್ಕೂ ಹಿಂದೆ ಕೆತ್ತಿದ ಎರಡು ತಲೆಯ ಹದ್ದೊಂದಿದೆ. ಅದು ಹಿಡಿದಿರುವುದು ಮೊಲ! ಮೊಲ ಹಿಡಿಯಲಿಕ್ಕೆ ಎರಡು ತಲೆ ಯಾಕೆ ಸ್ವಾಮಿ?

ಈಗ ಏನು ಹಿಡಿಯುತ್ತೀರಿ?

ಬಲತಲೆ: ನಾವೇನೂ ಹಿಡಿಯುವುದಿಲ್ಲ. ನಮ್ಮ ಮೊಹರು ಹಿಡಿದವರು ಹಿಡಿಯುತ್ತಾರೆ.

ಪಕ್ಕದಲ್ಲಿರುವ ಶರಭ ತಮ್ಮ ಹಳೆಯ ವೈರಿಯಲ್ಲವೇ? ಉಗ್ರನಾದ ನರಸಿಂಹನನ್ನು ತಣಿಸಲು ಶಿವ ಶರಭನಾಗಿ ಬಂದ, ಅವನನ್ನು ಎದುರಿಸಲು ನರಸಿಂಹ ಗಂಡಭೇರುಂಡನಾದ ಎಂದು ವೈಷ್ಣವರು ಹೇಳುತ್ತಾರೆ.

ಬಲತಲೆ: ಅದೆಲ್ಲ ಚುನಾವಣೆಗೆ ಮುಂಚಿನ ಮಾತು. ಈಗ ಒಂದೇ ಲಾಂಛನದಲ್ಲಿದ್ದೇವೆ. ನಮ್ಮ ನಡುವೆ ಜಗಳ ಇದೆ ಎನ್ನುವುದು ನಿಮ್ಮಂಥ ಮಾಧ್ಯಮದವರ ಸೃಷ್ಟಿ.

ಬೇಲೂರಿನ ಗುಡಿಯಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹದ ಮೇಲೆ ಶರಭ, ಶರಭದ ಮೇಲೆ ತಾವು.

ಎಡತಲೆ: ಕಡತ ಸಾಗುವ ದಾರಿಯೇ ಅದು. ಕೇಸ್ ವರ್ಕರ್‌ನಿಂದ ಶಿರಸ್ತೇದಾರರಿಗೆ, ಶಿರಸ್ತೇದಾರರಿಂದ ತಹಸೀಲ್ದಾರರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ. ಹೊಯ್ಸಳರು ಆಗಲೇ ಕಲ್ಲಿನಲ್ಲಿ ಕಡೆದಿಟ್ಟಿದ್ದಾರೆ.

ಜಿಂಕೆ ಯಾರು?

ಎಡತಲೆ: ಅರ್ಜಿದಾರರು.

ಇದನ್ನೆಲ್ಲ ನೋಡಿ ಬೆರಗಾಗಿ ನಿಂತ ಋಷಿಯೊಬ್ಬನಿದ್ದಾನಲ್ಲ?

ಬಲತಲೆ: ಏಕಸದಸ್ಯ ವಿಚಾರಣಾ ಆಯೋಗ. ನೋಡಿದ್ದಾನೆ, ಬೆರಗಾಗಿದ್ದಾನೆ. ವರದಿಯೊಂದು ಬಾಕಿ.

ಆದರೆ ಬೇಲೂರಿನಲ್ಲಿ ತಮಗಿಂತ ಕೆಳಗಿದ್ದ ಸಿಂಹ ರಾಜ್ಯ ಲಾಂಛನದಲ್ಲಿ ತಮ್ಮ ನೆತ್ತಿಯ ಮೇಲೆ ಕೂತಿದೆ!

ಎಡತಲೆ: (ದನಿ ತಗ್ಗಿಸಿ) ಅವರು ಅಶೋಕಸ್ತಂಭದವರು, ದೆಹಲಿಯಿಂದ ಬಂದಿದ್ದಾರೆ. ಅವರ ಮುಂದೆ ಸೇವಾ ಜ್ಯೇಷ್ಠತೆ ಮಾತೆತ್ತುವ ಹಾಗಿಲ್ಲ. ನಮ್ಮ ಪಾಲಿನ ಅನುದಾನಕ್ಕೂ ಅವರ ಮುಖವನ್ನೇ ನೋಡಬೇಕು.

ಬಲತಲೆ: ಅವರಿಗೋ ನಾಲ್ಕು ಮುಖ. ಯಾವುದನ್ನು ನೋಡುವುದು?

ಕೆಳಗೆ ‘ಸತ್ಯಮೇವ ಜಯತೇ’ ಎಂದು ಬರೆದಿದೆಯಲ್ಲ?

ಬಲತಲೆ: ಹೌದೇ? ಕಾಲ ಕೆಳಗಿನದು ನಮಗೆ ಕಾಣುವುದಿಲ್ಲ.

ನೌಕರಿ ಹೋಗುವ ಭಯವಿಲ್ಲವೇ?

ಎಡತಲೆ: ರಷ್ಯಾದ ನಮ್ಮ ದಾಯಾದಿಗೆ ಆ ಗತಿ ಬಂತು. 1917ರಲ್ಲಿ ಚಕ್ರವರ್ತಿ ಇಳಿದ. ಲಾಂಛನದಿಂದ ಹದ್ದೂ ಹೋಯಿತು. ಕ್ರೆಮ್ಲಿನ್ ಗೋಪುರಗಳ ಮೇಲೆ ಉಳಿದಿದ್ದವನ್ನೂ 1935ರಲ್ಲಿ ಇಳಿಸಿ ನಕ್ಷತ್ರ ಕೂರಿಸಿದರು. ಮರುನೇಮಕ ಆದದ್ದು 1993ರಲ್ಲಿ. ಹಿಂಬಾಕಿಗೆ ಇನ್ನೂ ಓಡಾಡುತ್ತಿದೆಯಂತೆ.

ಬಲತಲೆ: ನಾವು ಹುಷಾರು. ಒಡೆಯರ ಕಾಲದಲ್ಲಿ ಒಡೆಯರ ಲಾಂಛನ, ಪ್ರಜಾಪ್ರಭುತ್ವ ಬಂದ ಮೇಲೆ ಪ್ರಜೆಗಳ ಲಾಂಛನ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು, ನಾವು ಕೂತಲ್ಲಿಂದ ಏಳಲಿಲ್ಲ. ಕೆಎಸ್‌ಆರ್‌ಟಿಸಿಯ ಹೆಚ್ಚುವರಿ ಪ್ರಭಾರವೂ ನಮ್ಮದೇ. ರೆಕ್ಕೆಯಿದ್ದೂ ಬಸ್ಸಿನಲ್ಲಿ ಓಡಾಡುವ ಪಕ್ಷಿ ಬೇರೆ ಎಲ್ಲಿದೆ ತೋರಿಸಿ!

ಪಂಚತಂತ್ರದಲ್ಲೂ ಎರಡು ತಲೆಯ ಪಕ್ಷಿಯೊಂದು ಬರುತ್ತದೆ. ಒಂದು ತಲೆ ಸಿಹಿ ಹಣ್ಣನ್ನು ತಾನೊಂದೇ ತಿಂದಿತು, ಇನ್ನೊಂದು ಸಿಟ್ಟಿಗೆದ್ದು ವಿಷ ತಿಂದಿತು, ಹೊಟ್ಟೆ ಒಂದೇ ಆದ್ದರಿಂದ ಎರಡೂ ಸತ್ತವು. ತಮ್ಮಲ್ಲಿ ಹಾಗಾಗದೇ?

ಎಡತಲೆ: ಪಾಪ, ಅವಕ್ಕೆ ಹಂಚಿಕೆಯ ಸೂತ್ರ ಗೊತ್ತಿರಲಿಲ್ಲ. ನಮ್ಮಲ್ಲಿ ಸಿಹಿ ಹಣ್ಣು ಇಬ್ಬರಿಗೂ ಸಮಪಾಲು.

ಬಲತಲೆ: ವಿಷ ಜಿಂಕೆಗೆ.

ಕೊನೆಯದಾಗಿ, ನನ್ನದೂ ಒಂದು ಖಾತೆ ಬದಲಾವಣೆ ಅರ್ಜಿ ಇಲ್ಲಿ ಬಾಕಿಯಿದೆ...

ಎಡತಲೆ: ಅದು ಬಲಗಡೆ ಟೇಬಲ್.

ಬಲತಲೆ: ಎಡಗಡೆ ಟೇಬಲ್. ಯಾರು ಹೇಳಿದ್ದು ನಿಮಗೆ ಬಲಗಡೆ ಅಂತ?

ನಾನು ಎರಡೂ ಟೇಬಲ್ ನೋಡಿ ಬಂದವನು. ತಾವೊಬ್ಬರು ಎಡಕ್ಕೆ ನೋಡುತ್ತೀರಿ, ಇನ್ನೊಬ್ಬರು ಬಲಕ್ಕೆ. ಎದುರಿಗೆ ನಿಂತವನನ್ನು ನೋಡುವವರು ಯಾರು?

(ಎರಡೂ ತಲೆಗಳು ಮೊದಲ ಬಾರಿಗೆ ಒಂದೇ ದನಿಯಲ್ಲಿ): ಅದಕ್ಕೆ ಮೂರನೆಯ ತಲೆ ಬೇಕು. ಪ್ರಸ್ತಾವನೆ ಕಳಿಸಿದ್ದೇವೆ. ಹೊಸ ಹುದ್ದೆಗೆ ಹಣಕಾಸು ಇಲಾಖೆ ಒಪ್ಪುತ್ತಿಲ್ಲ.