ಸೇವೆ ತೃಪ್ತಿಕರವಾಗಿರುತ್ತದೆ

ತೃಪ್ತಿ ಎಂಬುದು ಸಾಧು ಸಂತರಿಗೂ ಸುಲಭಕ್ಕೆ ಸಿಕ್ಕಿದ್ದಲ್ಲ. ನಮ್ಮ ಶಾಲಾ ಶಿಕ್ಷಣ ಇಲಾಖೆಗೆ ಮಾತ್ರ ಎರಡು ವರ್ಷ ಕಳೆದರೆ ಸಾಕು, ಸಿಕ್ಕಿಬಿಡುತ್ತದೆ. ಹೊಸ ಶಿಕ್ಷಕರ ಪಾಠ ಒಮ್ಮೆಯೂ ಕೇಳದೆ ‘ಸೇವೆ ತೃಪ್ತಿಕರವಾಗಿರುತ್ತದೆ’ ಎಂದು ಬರೆದು, ಸೀಲು ಒತ್ತಿ, ಕೈ ತೊಳೆದುಕೊಳ್ಳುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಈಗ ಇದೇ ತೃಪ್ತಿಯ ಸುಗ್ಗಿ.

ಹಿಂದಿನದು ನೆನಪಿಸಿಕೊಳ್ಳಿ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಕರೆ ಕೊಟ್ಟಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಮೇ ತಿಂಗಳ ಬಿಸಿಲಲ್ಲಿ ಪರೀಕ್ಷೆಯೂ ಆಯಿತು. ಆಮೇಲೆ ಮದುವೆಯಾದ ಹೆಣ್ಣುಮಗಳ ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲಿರಬೇಕೋ ಎಂಬ ಜಟಿಲ ಪ್ರಶ್ನೆ ಎದ್ದು ಹೈಕೋರ್ಟ್ ಮೆಟ್ಟಿಲೇರಿತು. ನೇಮಕಾತಿ ಆದೇಶ ಕೈಗೆ ಬಂದದ್ದು 2023ರ ಕೊನೆಗೆ. ಆಕೆ ಯಾರ ಮಗಳು, ಯಾರ ಹೆಂಡತಿ ಎಂದು ತಿಳಿಯಲು ಇಷ್ಟು ಶ್ರಮ. ಆಕೆಗೆ ಪಾಠ ಮಾಡಲು ಬರುತ್ತದೆಯೇ ಎಂದು ತಿಳಿಯಲು ಅದರ ನೂರರಲ್ಲೊಂದು ಪಾಲೂ ಇಲ್ಲ.

ಕಾನೂನಿನಲ್ಲಿ ಲೋಪವಿಲ್ಲ. 1977ರ ಪ್ರೊಬೇಷನ್ ನಿಯಮ ಇದೆ. ಎರಡು ವರ್ಷ ನೋಡಿ, ಈ ಹುದ್ದೆಗೆ ಇವರು ತಕ್ಕವರೇ ಎಂದು ನೇಮಕಾತಿ ಪ್ರಾಧಿಕಾರ ತೀರ್ಮಾನಿಸಬೇಕು. ಸಾಲದಿದ್ದರೆ ಅವಧಿ ವಿಸ್ತರಿಸಬಹುದು, ತೀರಾ ಆಗದಿದ್ದರೆ ಮನೆಗೂ ಕಳಿಸಬಹುದು. ‘ನೋಡಿ’ ಎಂಬ ಒಂದು ಶಬ್ದವನ್ನು ಬಿಟ್ಟು ಉಳಿದದ್ದನ್ನೆಲ್ಲ ನಾವು ಚಾಚೂ ತಪ್ಪದೆ ಪಾಲಿಸುತ್ತೇವೆ.

ನೋಡುವುದು ಏನನ್ನು? ಕಡತವನ್ನು. ಅಂಕಪಟ್ಟಿಯ ನೈಜತೆ ಬಂತೇ? ಜಾತಿ ಸಿಂಧುತ್ವ ಬಂತೇ? ಪೊಲೀಸ್ ವರದಿ ಬಂತೇ? ಸೇವಾ ಪುಸ್ತಕದಲ್ಲಿ ನಮೂದಾಯಿತೇ? ಈ ಪಟ್ಟಿಯಲ್ಲಿ ಮಕ್ಕಳು ಎಲ್ಲಿಯೂ ಇಲ್ಲ. ಕಪ್ಪುಹಲಗೆ ಇಲ್ಲ. ಏಳನೇ ತರಗತಿಗೆ ಭಿನ್ನರಾಶಿ ಅರ್ಥವಾಯಿತೇ ಎಂಬ ಕಾಲಂ ಇಲ್ಲ. ಕಡತ ತಾನಾಗಿ ನಡೆಯುವುದೂ ಇಲ್ಲ. ಅದಕ್ಕೆ ಎಣ್ಣೆ ಹಾಕಬೇಕು. ಯಾವ ಕಚೇರಿ ಎಂದು ಕೇಳಬೇಡಿ, ನಿಮಗೆ ಗೊತ್ತು.

ಅಫಜಲಪುರ ಕಡೆಯ ಒಂದು ಶಾಲೆಯಲ್ಲಿ ನಾನೇ ಕುಳಿತು ಕಂಡದ್ದು. ಇಲಾಖೆಯ ಸಾಹೇಬರೊಬ್ಬರು ಬೈಕಿನಲ್ಲಿ ಬಂದರು. ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತರು. ಚಹಾ ಬಂತು. ಹೊಸ ಮೇಡಂ ಅವರನ್ನು ಪಾಠದ ನಡುವೆ ಕರೆಸಿದರು.

“ಏನ್ ಮೇಡಂ, ಡಾಕ್ಯುಮೆಂಟ್ ಎಲ್ಲಾ ಕ್ಲಿಯರ್ ಅದಾವೇನ್ರಿ?”

“ಡಿಗ್ರಿ ನೈಜತಿ ಇನ್ನಾ ಬಂದಿಲ್ರಿ ಸರ್.”

“ಲಗೂ ತರಿಸ್ರಿ. ಇಲ್ಲಂದ್ರ ನಿಮ್ಮ ಫೈಲ್ ಅಲ್ಲೇ ಕೂಡ್ತದ ನೋಡ್ರಿ.”

ಇಷ್ಟೇ ಮಾರ್ಗದರ್ಶನ. ಆಮೇಲೆ ಬಿಸಿಯೂಟದ ಕೋಣೆಯ ಮುಂದೆ ನಿಂತು ಒಂದು ಫೋಟೋ, ಅದು ವಾಟ್ಸಾಪ್ ಗುಂಪಿಗೆ. ಸಂದರ್ಶನ ಪುಸ್ತಕ ತರಿಸಿ ನಾಲ್ಕು ಸಾಲು ಗೀಚಿದರು. ಮೇಡಂ ಅವರ ತರಗತಿ ಹತ್ತು ಹೆಜ್ಜೆ ದೂರದಲ್ಲಿತ್ತು. ಅಷ್ಟು ದೂರ ಯಾರು ಹೋಗುತ್ತಾರೆ, ಬಿಸಿಲು ಬೇರೆ.

ಹೊಸಬರಿಗೆ ಬುನಾದಿ ತರಬೇತಿ ಇಲ್ಲವೇ ಎನ್ನುತ್ತೀರಿ. ಇದೆ. ಕೆಲವು ದಿನ ಕೂರಿಸಿ ಪಿಪಿಟಿ ತೋರಿಸುತ್ತಾರೆ. ಬುನಾದಿ ಅಗೆದವರು ಆಮೇಲೆ ಗೋಡೆ ಎದ್ದಿತೇ ಎಂದು ತಿರುಗಿ ನೋಡಿದ್ದನ್ನು ನಾನಂತೂ ಕಾಣೆ.

ಕಲಬುರಗಿಯ ನಾಗನಹಳ್ಳಿಯಲ್ಲಿ ಪೊಲೀಸ್ ತರಬೇತಿ ಕಾಲೇಜಿದೆ. ಒಬ್ಬ ಕಾನ್ಸ್‌ಟೇಬಲ್ ಕೈಗೆ ಲಾಠಿ ಕೊಡುವ ಮುನ್ನ ತಿಂಗಳುಗಟ್ಟಲೆ ಕವಾಯತು ಮಾಡಿಸುತ್ತಾರೆ. ಕೋಲು ಹಿಡಿಯಲು ಅಷ್ಟು ಅಭ್ಯಾಸ ಬೇಕು. ಚಾಕ್‌ಪೀಸು ಹಿಡಿಯಲು ಏನೂ ಬೇಡ, ಮೊದಲ ದಿನವೇ ಮೂರು ತರಗತಿ ಒಪ್ಪಿಸಿ ಹೆಡ್‌ಮಾಸ್ತರರು ಮೀಟಿಂಗಿಗೆ ಹೋಗಬಹುದು.

ಇಂಗ್ಲೆಂಡಿನ ಮಾತು ತೆಗೆದರೆ ಕೆಲವರಿಗೆ ಸಿಟ್ಟು. ಆದರೂ ಹೇಳುತ್ತೇನೆ. ಅಲ್ಲಿ 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷದ ಬೆಂಬಲದ ವ್ಯವಸ್ಥೆ ಇದೆ. ಮೊದಲ ವರ್ಷ ಪಾಠದ ಹೊರೆಯಲ್ಲಿ 10 ಪರ್ಸೆಂಟ್ ಕಡಿತ, ಎರಡನೇ ವರ್ಷ 5 ಪರ್ಸೆಂಟ್. ಜೊತೆಗೆ ತರಗತಿಗೆ ಬಂದು ಕೂತು ಪಾಠ ನೋಡಿ ತಿದ್ದುವ ಒಬ್ಬ ಮಾರ್ಗದರ್ಶಿ. ಇದನ್ನು ನಮ್ಮೂರ ಗೆಳೆಯರೊಬ್ಬರಿಗೆ ಹೇಳಿದೆ. “ಹತ್ತು ಪರ್ಸೆಂಟ್ ಯಾರಿಗ್ರಿ, ಗುತ್ತಿಗೆದಾರಗೋ, ಎಮ್ಮೆಲ್ಲೆಗೋ?” ಅಂದರು. ಪರ್ಸೆಂಟ್ ಎಂದರೆ ನಮ್ಮಲ್ಲಿ ಒಂದೇ ಅರ್ಥ.

ಇಲ್ಲಿ ಹೊಸಬರ ಹೊರೆ ಇಳಿಯುವುದಿಲ್ಲ, ಏರುತ್ತದೆ. ಮೊಬೈಲ್ ಚೆನ್ನಾಗಿ ಬರುತ್ತದಲ್ಲ, ಹಾಗಾಗಿ ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಅವರಿಗೇ. ಮೊಟ್ಟೆಯ ಲೆಕ್ಕ ಅವರಿಗೇ. ಮತದಾರರ ಪಟ್ಟಿ ಅವರಿಗೇ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಅದೇ ದಿನಗಳಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿತ್ತು. ಮನೆ ಮನೆಗೆ ಹೋಗಿ ಎಂದರು, ಮನೆಗಳು ನೀರಲ್ಲಿದ್ದವು. ಸಮೀಕ್ಷೆ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಹೊಸ ಶಿಕ್ಷಕರ ಪ್ರೊಬೇಷನ್ ಮುಗಿಯುವ ಹೊತ್ತು ಅದು. ಪಾಠದಲ್ಲಿ ಅಲ್ಲದಿದ್ದರೂ ಬಾಗಿಲು ತಟ್ಟುವುದರಲ್ಲಿ ಅವರು ನುರಿತರು.

ಹಾಗಾದರೆ ಹೊಸಬರಿಗೆ ಕೆಲಸ ಕಲಿಸಿದವರು ಯಾರೂ ಇಲ್ಲವೇ? ಇದ್ದಾರೆ. ಅವರ ಹೆಸರು ಇಲಾಖೆಯ ಸೇವಾ ಪುಸ್ತಕದಲ್ಲಿಲ್ಲ.

ನಾನು ಕುಳಿತಿದ್ದ ಆ ಶಾಲೆಯ ಅತಿಥಿ ಶಿಕ್ಷಕಿ. ಅದೇ ಊರಿನಾಕೆ. ಎಂಟು ವರ್ಷದಿಂದ ಅದೇ ಶಾಲೆ. ಮೇಡಂ ಬಂದ ಮೊದಲ ವಾರ, ಉತ್ತರ ಹೇಳದ ಹುಡುಗಿಯೊಬ್ಬಳನ್ನು ಗದರಿದಾಗ ಪಕ್ಕದ ಕೋಣೆಯಿಂದ ಬಂದವಳು ಈಕೆ. “ಯಕ್ಕಾ, ಆ ಹುಡುಗಿ ಮನ್ಯಾಗ ಲಂಬಾಣಿ ಮಾತಾಡ್ತದ. ನಿಮ್ಮ ಮಾತು ಅದಕ್ಕ ತಿಳಿದಿಲ್ಲ. ನಾಕು ದಿನ ತಡೀರಿ.” ಕಡ್ಡಿ ಕಟ್ಟು ಕಟ್ಟಿ ಹತ್ತರ ಲೆಕ್ಕ ಹೇಗೆ ಹೇಳಬೇಕು, ತೊಗರಿ ರಾಶಿಯ ವಾರದಲ್ಲಿ ಯಾವ ಮಕ್ಕಳು ಬರುವುದಿಲ್ಲ, ಯಾರ ಮನೆಗೆ ಹೋಗಿ ಕರೆಯಬೇಕು, ಯಾರ ಮನೆಗೆ ಹೋದರೆ ಜಗಳ — ಎಲ್ಲ ಹೇಳಿಕೊಟ್ಟವಳು ಈಕೆಯೇ. ತಿಂಗಳಿಗೆ 10,000 ಗೌರವಧನ ಇತ್ತು, 2025ರ ಬಜೆಟ್ಟಿನಲ್ಲಿ 2,000 ಏರಿಸಿ ಉದಾರರಾದರು. ಶಾಲಾ ವರ್ಷ ಮುಗಿದೊಡನೆ ಈಕೆಯನ್ನು ಬಿಡುಗಡೆ ಮಾಡುತ್ತಾರೆ. ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ಎಂಟು ವರ್ಷದಲ್ಲಿ ಈಕೆಯ ಸೇವೆ ಯಾರಿಗೂ ತೃಪ್ತಿಕರ ಅನಿಸಿಲ್ಲ.

ಕಲಿಸಿದವಳು ತಾತ್ಕಾಲಿಕ, ಕಲಿತವಳು ಕಾಯಂ, ಪ್ರಮಾಣಪತ್ರ ಕೊಡುವವರು ತರಗತಿಯನ್ನೇ ಕಂಡಿಲ್ಲ.

2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶದ ಹೆಸರಿನಲ್ಲಿ ಹೈದರಾಬಾದ್ ಹೋಗಿ ಕಲ್ಯಾಣ ಬಂತು, ಆಳಂದದ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆಗೆ 42.43 ಪರ್ಸೆಂಟ್ ಫಲಿತಾಂಶ. ರಾಜ್ಯಕ್ಕೇ ಕೊನೆ. ಕೂಡಲೇ ಎಲ್ಲರಿಗೂ ಶಿಕ್ಷಕರು ನೆನಪಾದರು. ಕಲಿಸಲು ಬರುವುದಿಲ್ಲ, ಬೇಜವಾಬ್ದಾರಿ ಎಂದು ವೇದಿಕೆ ಹತ್ತಿ ಬೈದರು. ಬರುವುದಿಲ್ಲ ಎಂದು ಗೊತ್ತಿದ್ದರೆ ತೃಪ್ತಿಕರ ಎಂದು ಬರೆದ ಕೈ ಯಾವುದು? ಬರುತ್ತದೆ ಎಂದಾದರೆ ಈ ಬೈಗುಳ ಯಾಕೆ?

ಆ ದಿನ ಸಾಹೇಬರ ಬೈಕು ಊರ ಅಗಸಿ ದಾಟಿದ ಮೇಲೆ ಸಂದರ್ಶನ ಪುಸ್ತಕ ತೆರೆದು ನೋಡಿದೆ. ಎರಡು ವರ್ಷದ ಹಾಳೆಗಳನ್ನೂ ಹಿಂದಕ್ಕೆ ತಿರುವಿದೆ. ಶೌಚಾಲಯದ ಬಗ್ಗೆ ಹನ್ನೊಂದು ಸಾಲು, ಬಿಸಿಯೂಟದ ಬಗ್ಗೆ ಒಂಬತ್ತು, ಗಿಡ ನೆಟ್ಟದ್ದರ ಬಗ್ಗೆ ನಾಲ್ಕು. ಮೇಡಂ ಅವರ ಪಾಠದ ಬಗ್ಗೆ ಒಂದೂ ಇಲ್ಲ. ನಿಮ್ಮೂರ ಶಾಲೆಗೆ ಹೋದಾಗ ನೀವೂ ಆ ಪುಸ್ತಕ ಕೇಳಿ ನೋಡಿ.